ನೀವು ಕೇಳಲಿಲ್ಲ ಸಾರ್!

ದಾವಣಗೆರೆಯಲ್ಲಿ ಸೈಟು, ಮನೆ ಕೊಡಿಸುವ ಓದುಗರೊಬ್ಬರು ಬರೆದಿದ್ದಾರೆ: 'ಎಲ್ಲೋ ನಾಲ್ಕು ಜನ ಮೋಸ ಮಾಡಿದರೆ ನೀವು ಬ್ರೋಕರುಗಳನ್ನೆಲ್ಲ ಕಳ್ಳರು ಅನ್ನುತ್ತೀರಿ. ಪತ್ರ ನೋಡಿಕೊಳ್ಳುವುದು ಕೊಳ್ಳುವವರ ಕೆಲಸ. ನಾವು ಎರಡೂ ಕಡೆಯವರನ್ನು ಕೂಡಿಸುವವರು, ಅಷ್ಟೆ.'

ನಿಮ್ಮ ಬೇಸರ ನ್ಯಾಯವೇ. ತಿಂಗಳುಗಟ್ಟಲೆ ಪಾರ್ಟಿಯನ್ನು ಬೈಕಿನಲ್ಲಿ ಸುತ್ತಾಡಿಸಿ, ಕೊನೆಗೆ ಕಮಿಷನ್ ಸಿಗದೆ ಕೈ ಹಿಸುಕಿಕೊಂಡವರನ್ನು ನಾನೂ ಬಲ್ಲೆ. ಆದರೆ ಬರೀ ಕೂಡಿಸುವುದಕ್ಕೆ ಎರಡೂ ಕಡೆಯಿಂದ ಕಮಿಷನ್ ಯಾಕೆ ಸ್ವಾಮಿ?

ಸೈಟು ಕೊಂಡ, ನನಗೆ ಗೊತ್ತಿರುವ ನಿವೃತ್ತ ಮೇಷ್ಟ್ರೊಬ್ಬರಿಗೆ ಬ್ರೋಕರ್ ಇಸಿ, ಅಂದರೆ ಆ ಆಸ್ತಿಯ ಮೇಲೆ ರಿಜಿಸ್ಟರ್ ಆದ ವ್ಯವಹಾರಗಳ ಪಟ್ಟಿ, ತೋರಿಸಿದ. ಅಸಲಿ ಇಸಿಯೇ. ಆದರೆ ಶುರುವಾಗುವುದು 2004ರ ಏಪ್ರಿಲ್‌ನಿಂದ. ಕಂಪ್ಯೂಟರಿನಲ್ಲಿ ಸಲೀಸಾಗಿ ಸಿಗುವುದು ಅಲ್ಲಿಂದ ಈಚಿನದು. ಹಿಂದಿನದು ಬೇಕಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಹಾಕಿ ಹಳೇ ಪುಸ್ತಕ ಹುಡುಕಿಸಬೇಕು. ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಂಡ ವಿಭಾಗಪತ್ರ ಇದ್ದದ್ದು ಅದರಲ್ಲೇ! ಸೈಟಿನ ಅರ್ಧ ಭಾಗ ಮಾರಿದವನ ತಮ್ಮನದು. ಬ್ರೋಕರ್ ಅದೇ ಬೀದಿಯವನು. ಅಣ್ಣತಮ್ಮಂದಿರ ಜಗಳ ಅವನಿಗೆ ಗೊತ್ತಿರಲಿಲ್ವಾ? 'ನೀವು ಕೇಳಲಿಲ್ಲ ಸಾರ್' ಅಂದನಂತೆ. ನೋಡಿ, ಒಂದೇ ಒಂದು ಸುಳ್ಳನ್ನೂ ಹೇಳಿಲ್ಲ.

ಇಸಿಯಲ್ಲಿ ಕಾಣದ್ದೂ ಬೇಕಾದಷ್ಟಿದೆ. ರಿಜಿಸ್ಟರ್ ಆಗದ ಅಗ್ರಿಮೆಂಟು, ಮೂಲಪತ್ರ ಅಡ ಇಟ್ಟು ತಂದ ಕೈಸಾಲ. ಇವೆಲ್ಲ ಮೊದಲು ಗೊತ್ತಾಗುವುದು ನಿಮ್ಮಂಥವರಿಗೇ. ಜಿಪಿಎ (ಮಾಲೀಕರ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರಪತ್ರ) ಮೇಲೆ ಕೊಂಡರೆ ಮಾಲೀಕತ್ವ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಆದರೂ 'ಜಿಪಿಎ ಇದೆಯಲ್ಲ, ಏನೂ ತೊಂದರೆ ಇಲ್ಲ' ಅನ್ನುವ ಮಾತು ನಿಂತಿದೆಯಾ?

ಕಾನೂನೂ ನಿಮ್ಮ 'ಅಷ್ಟೆ'ಯನ್ನು ಒಪ್ಪುವುದಿಲ್ಲ. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ಓದಿ. ರೇರಾದಲ್ಲಿ ನೋಂದಾಯಿಸಿದ ಪ್ರಾಜೆಕ್ಟಿನಲ್ಲಿ ಬುಕಿಂಗ್ ಹೊತ್ತಿಗೆ ದಾಖಲೆಗಳು ಕೊಳ್ಳುವವರ ಕೈಸೇರುವಂತೆ ಏಜೆಂಟ್ ನೋಡಿಕೊಳ್ಳಬೇಕು ಅನ್ನುತ್ತದೆ 10ನೇ ಸೆಕ್ಷನ್. ತಪ್ಪಿದರೆ ದಿನಕ್ಕೆ 10,000 ರೂಪಾಯಿ ದಂಡ. ಕೈಯಿಂದ ಕೈಗೆ ಹೋಗುವ ಹಳೇ ಸೈಟಿಗೆ ಈ ರಕ್ಷಣೆ ಇಲ್ಲ. ಮೇಷ್ಟ್ರು ಬಿದ್ದದ್ದೂ ಅಲ್ಲೇ.

ಕೊಳ್ಳುವ ನಾವೇನು ಕಡಿಮೆಯಾ? ವಾಸ್ತುವಿನವರು ಕೇಳಿದಷ್ಟು ಎಣಿಸುತ್ತೇವೆ, ವಕೀಲರ ಫೀಸಿಗೆ ಚೌಕಾಸಿ ಮಾಡುತ್ತೇವೆ. ಜಾಹೀರಾತುಗಳೋ, ಈಜುಕೊಳಕ್ಕೆ ಅರ್ಧ ಪುಟ, ರೇರಾ ನಂಬರು ಇರುವೆ ಕಾಲಿನಷ್ಟು. 'ಇವತ್ತೇ ಟೋಕನ್ ಹಾಕಿ, ನಾಳೆ ರೇಟ್ ಜಾಸ್ತಿ' ಅಂದರೆ ಸಾಕು, ಮಗಳ ಮದುವೆಗೆ ಇಟ್ಟ ದುಡ್ಡೂ ಹೊರಗೆ ಬರುತ್ತದೆ. ಈ ಅವಸರ ಕಲಿಸಿದವರು ಯಾರು?

ಟೋಕನ್ ಮುಟ್ಟುವ ಮೊದಲೇ 30 ವರ್ಷದ ಇಸಿ ಕೈಗಿಡುವ ಬ್ರೋಕರ್ ನಿಮ್ಮ ಊರಲ್ಲಿದ್ದರೆ ತಿಳಿಸಿ. ಅದು ನೀವೇ ಆದರೆ ಇನ್ನೂ ಸಂತೋಷ, ಫೋಟೊ ಸಮೇತ ಹಾಕುತ್ತೇವೆ.

-ಸಂ.