ಮುಚ್ಚುವುದು ಫೋನ್ ಕೋಣೆಯನ್ನೋ, ದೋಣಿ ಕಟ್ಟೆಯನ್ನೋ?

ಕರಾವಳಿ ಹಳ್ಳಿಗಳ ರಕ್ಷಣಾ ಠಾಣೆಗಳನ್ನು ಉಳಿಸಿಕೊಳ್ಳಬೇಕು ಎಂದು ಕಳೆದ ಸಂಚಿಕೆಯಲ್ಲಿ ಬರೆದದ್ದು ನಿಮಗೆ ಬರೀ ಭಾವುಕತೆ ಅನ್ನಿಸಿದೆ. ಜಿಪಿಎಸ್ಸು, ಮೊಬೈಲು ಇರುವ ಕಾಲದಲ್ಲಿ ಒಂದೇ ದೊಡ್ಡ ಕೇಂದ್ರ ಸಾಲದೇ, ಬ್ರಿಟನ್ ಅದನ್ನೇ ಮಾಡಿ ತೋರಿಸಿದೆಯಲ್ಲ ಎಂದು ಕೇಳಿದ್ದೀರಿ.

ಬ್ರಿಟನ್ ಹೆಸರು ನೀವೇ ಎತ್ತಿದ್ದು ಒಳ್ಳೆಯದಾಯಿತು. ಅಲ್ಲಿ ಮುಚ್ಚಿದ್ದು ಏನನ್ನು? 2010ರ ಡಿಸೆಂಬರಿನಲ್ಲಿ ಅಲ್ಲಿನ ಕೋಸ್ಟ್‌ಗಾರ್ಡ್ ಒಂದು ಪ್ರಸ್ತಾವ ಹೊರಡಿಸಿತು. ಲಂಡನ್ನಿನದನ್ನು ಬಿಟ್ಟರೆ ಆಗ 18 ಸಮನ್ವಯ ಕೇಂದ್ರಗಳಿದ್ದವು. ಹಗಲೂ ರಾತ್ರಿ ನಡೆಯುವವು 3 ಸಾಕು, ಹಗಲು ಮಾತ್ರ ತೆರೆದಿರುವವು 5 ಸಾಕು ಎಂಬುದು ಅದರ ಸಾರ. ಈ ಕೇಂದ್ರಗಳ ಕೆಲಸ ಕರೆ ಎತ್ತುವುದು, ರೇಡಿಯೊ ಕೇಳುವುದು, ಯಾರನ್ನು ಕಳಿಸಬೇಕೆಂದು ತೀರ್ಮಾನಿಸುವುದು. ನೀರಿಗಿಳಿಯುವ ದೋಣಿಗಳು ಬಹುಪಾಲು ಆರ್‌ಎನ್‌ಎಲ್‌ಐ ಎಂಬ ದತ್ತಿ ಸಂಸ್ಥೆಯವು. 1824ರಲ್ಲಿ ಹುಟ್ಟಿದ ಸಂಸ್ಥೆ ಅದು. ಅದರ ದೋಣಿ ಠಾಣೆಗಳನ್ನು ಆ ಪ್ರಸ್ತಾವ ಮುಟ್ಟಲೇ ಇಲ್ಲ. ಹಾಗಾಗಿ ದೋಣಿ ಠಾಣೆ ಮುಚ್ಚಲು ಬ್ರಿಟನ್ನನ್ನು ಸಾಕ್ಷಿಗೆ ಕರೆಯುವುದು ಸರಿಹೋಗುವುದಿಲ್ಲ.

ಕರೆ ಎತ್ತುವ ಕೋಣೆಗಳನ್ನು ಒಂದು ಜಾಲಕ್ಕೆ ತರುವುದಕ್ಕೆ ನನ್ನ ತಕರಾರು ಕಡಿಮೆ. ಹಳೆಯ ವ್ಯವಸ್ಥೆಯಲ್ಲಿ ಒಂದು ಕೇಂದ್ರಕ್ಕೆ ಪಕ್ಕದ ಕೇಂದ್ರ ಮಾತ್ರ ಜೋಡಿ. ಒಂದೆಡೆ ಕರೆಗಳು ಉಕ್ಕುತ್ತಿದ್ದರೂ ದೂರದ ಕೇಂದ್ರದವರು ಸುಮ್ನೆ ನೋಡುತ್ತಾ ಕೂರಬೇಕಿತ್ತು. ಅದು ಬದಲಾಗಬೇಕಿತ್ತು, ಒಪ್ಪುತ್ತೇನೆ. ಆದರೆ ಮಾಡಿದ ಕ್ರಮ ನೋಡಿ. ಸ್ಕಾಟ್ಲೆಂಡಿನ ಫೋರ್ತ್ ಕೇಂದ್ರ 2012ರ ಸೆಪ್ಟೆಂಬರಿನಲ್ಲಿ, ಕ್ಲೈಡ್ ಕೇಂದ್ರ ಡಿಸೆಂಬರಿನಲ್ಲಿ ಮುಚ್ಚಿದವು. ಎಲ್ಲವನ್ನೂ ಜೋಡಿಸಬೇಕಿದ್ದ, ದಕ್ಷಿಣ ಇಂಗ್ಲೆಂಡಿನ ಫೇರ್‌ಹ್ಯಾಮಿನ ರಾಷ್ಟ್ರೀಯ ಕೇಂದ್ರ ಕೆಲಸ ಶುರು ಮಾಡಿದ್ದು 2014ರಲ್ಲಿ! ಹೊಸದು ನಿಲ್ಲುವ ಮೊದಲೇ ಹಳೆಯದನ್ನು ಕೆಡವುವುದು ಯಾವ ಲೆಕ್ಕ?

ಹಗಲು ಮಾತ್ರ ತೆರೆದಿರುವ ಕೇಂದ್ರಗಳ ಯೋಚನೆಯನ್ನು ಸರ್ಕಾರ 2011ರಲ್ಲೇ ಕೈಬಿಟ್ಟಿತು. ಕರಾವಳಿಯ ಜನ ಅಷ್ಟು ಜೋರಾಗಿ ವಿರೋಧಿಸಿದ್ದರು. ಸ್ಕಾಟ್ಲೆಂಡಿನ ದ್ವೀಪಗಳಲ್ಲಿರುವ ಶೆಟ್ಲೆಂಡ್, ಸ್ಟೋರ್ನೊವೇ ಕೇಂದ್ರಗಳೂ ಉಳಿದುಕೊಂಡವು. ಜನರ ವಾದ ಬರೀ ಊರಿನ ಅಭಿಮಾನವಾಗಿರಲಿಲ್ಲ. ದಡದಲ್ಲಿ ನಿಂತು ಗಾಬರಿಯಲ್ಲಿ ಫೋನ್ ಮಾಡುವವರು ಅಕ್ಷಾಂಶ, ರೇಖಾಂಶ ಹೇಳುವುದಿಲ್ಲ. "ಟಾರ್ಬರ್ಟ್ ಹತ್ತಿರ" ಅನ್ನುತ್ತಾರೆ. ಸ್ಕಾಟ್ಲೆಂಡಿನ ಕಿಂಟೈರ್‌ನಲ್ಲಿ ಟಾರ್ಬರ್ಟ್ ಎಂಬ ಒಂದು ಊರಿದೆ, ಹ್ಯಾರಿಸ್ ದ್ವೀಪದಲ್ಲಿ ಇನ್ನೊಂದು. ಯಾವ ಟಾರ್ಬರ್ಟ್ ಅನ್ನುವುದನ್ನು ಮೊಬೈಲ್ ತಾನೇ ಹೇಳುತ್ತದೆ ಅನ್ನುತ್ತೀರಿ. ಸಿಗ್ನಲ್ ಇದ್ದರೆ ಹೇಳುತ್ತದೆ. ಇನ್ನೊಂದು ವಿಷಯ, ಮೊಬೈಲ್ ಕರೆ ಒಬ್ಬರಿಗೇ ಕೇಳುತ್ತದೆ. ದೋಣಿಗಳಲ್ಲಿರುವ ವಿಎಚ್‌ಎಫ್ ರೇಡಿಯೊದಲ್ಲಿ, ಅಪಾಯದ ಕರೆಗೆಂದೇ ಇರುವ 16ನೇ ಚಾನೆಲಿನಲ್ಲಿ ಕೂಗಿದರೆ ಸುತ್ತಲಿನ ದೋಣಿಗಳಿಗೆಲ್ಲ ಕೇಳುತ್ತದೆ. ಎಷ್ಟೋ ಸಲ ಮೊದಲು ಬಂದು ಎತ್ತಿಕೊಳ್ಳುವುದು ಪಕ್ಕದಲ್ಲಿದ್ದ ಮೀನುಗಾರರ ದೋಣಿಯೇ.

ಇನ್ನು ದೋಣಿಯ ಮಾತು. ನಾನು ಜಗಳಕ್ಕೆ ನಿಲ್ಲುವುದು ಇಲ್ಲಿಯೇ. ದೊಡ್ಡ ರಕ್ಷಣಾ ದೋಣಿಯ ವೇಗ ಸುಮಾರು 25 ನಾಟ್, ಅಂದರೆ ಗಂಟೆಗೆ 25 ನಾಟಿಕಲ್ (ಸಮುದ್ರದ) ಮೈಲಿ ಅಂದುಕೊಳ್ಳಿ. 5 ನಾಟಿಕಲ್ ಮೈಲಿ ದೂರಕ್ಕೆ 12 ನಿಮಿಷ ಬೇಕು. ಹತ್ತಿರದ ಠಾಣೆ ಮುಚ್ಚಿ ದೂರ 30 ಮೈಲಿ ಆದರೆ 72 ನಿಮಿಷ. ತೀರಾ ತಣ್ಣನೆಯ ನೀರಿಗೆ ಬಿದ್ದವರಿಗೆ ಮೊದಲ ನಿಮಿಷ ಉಸಿರು ಹಿಡಿತಕ್ಕೆ ಸಿಗುವುದಿಲ್ಲ. ಕೈಕಾಲು ಮಾತು ಕೇಳುವುದು ಹೆಚ್ಚುಕಡಿಮೆ 10 ನಿಮಿಷ. ತೇಲುವ ಜಾಕೆಟ್ ಇದ್ದರೂ ಗಂಟೆಯೊಳಗೆ ಪ್ರಜ್ಞೆ ತಪ್ಪಬಹುದು. ಇದರ ಜೊತೆ ನೀರಿಗೆ ಬಿದ್ದವರು ಬಿದ್ದಲ್ಲೇ ಇರುವುದಿಲ್ಲ, ತೇಲಿ ಹೋಗುತ್ತಾರೆ. ಎತ್ತ ಹೋದರೋ ಗೊತ್ತಿಲ್ಲದಾಗ, ಹೊತ್ತು ಎರಡು ಪಟ್ಟಾದರೆ ಹುಡುಕಬೇಕಾದ ಜಾಗ ಸುಮಾರು ನಾಲ್ಕು ಪಟ್ಟಾಗುತ್ತದೆ. ಹೆಲಿಕಾಪ್ಟರ್ ವೇಗವಾಗಿ ಬರುತ್ತದೆ, ನಿಜ. ದಟ್ಟ ಮಂಜಿನಲ್ಲಿ ಅದಕ್ಕೂ ಕಷ್ಟ.

ಪ್ರಸ್ತಾವ ಬರೆಯುವವರು ಮರೆಯುವ ಇನ್ನೊಂದು ಸಂಗತಿ ಇದೆ. ಈ ದೋಣಿಗಳ ಸಿಬ್ಬಂದಿಯಲ್ಲಿ ಹೆಚ್ಚಿನವರು ಸ್ವಯಂಸೇವಕರು. ಬೇರೆ ಕೆಲಸ ಮಾಡಿಕೊಂಡು, ಪೇಜರ್ ಕೂಗಿದ ಕೂಡಲೇ ಓಡಿಬರುವವರು. ಠಾಣೆ ಓಡುವಷ್ಟು ದೂರದಲ್ಲಿದ್ದರೆ ಮಾತ್ರ ಇದು ನಡೆಯುತ್ತದೆ. ದೋಣಿಯನ್ನು ಇನ್ನೊಂದು ಊರಿಗೆ ಸಾಗಿಸಬಹುದು, ಇವರನ್ನು ಸಾಗಿಸಲಾಗುವುದಿಲ್ಲ. ಯಾವ ಬಂಡೆಯ ಹಿಂದೆ ಸೆಳೆತ ಜಾಸ್ತಿ ಅನ್ನುವ ತಿಳಿವಳಿಕೆ ಅವರ ಜೊತೆಗೇ ಹೋಗುತ್ತದೆ. ಐದು ವರ್ಷ ಬಿಟ್ಟು ಠಾಣೆ ಮತ್ತೆ ತೆರೆದರೂ ಆ ತಿಳಿವಳಿಕೆ ತಾನಾಗಿ ವಾಪಸ್ ಬರುವುದಿಲ್ಲ, ಅಲ್ವಾ?

ದುಡ್ಡು ಉಳಿಯುತ್ತದೆ ಎಂಬ ನಿಮ್ಮ ಮಾತನ್ನು ತಳ್ಳಿಹಾಕುವುದಿಲ್ಲ. ಕಟ್ಟಡ, ಯಂತ್ರ, ಪಾಳಿಯ ಸಂಬಳ ಎಲ್ಲಕ್ಕೂ ಖರ್ಚಿದೆ. ಅದಕ್ಕೆ ಪ್ರತಿಯಾಗಿ ಬರೆಯುವುದಾದರೆ ಖಂಡಿತ ಬರೆಯಿರಿ, ಪ್ರಕಟಿಸುತ್ತೇವೆ. ನಿಮ್ಮ ದೊಡ್ಡ ಕೇಂದ್ರಕ್ಕೆ ಕರೆ ಬಂದ ಮೇಲೆ, ಅತಿ ದೂರದ ದಡಕ್ಕೆ ದೋಣಿ ಎಷ್ಟು ನಿಮಿಷಕ್ಕೆ ತಲುಪುತ್ತದೆ ಎಂಬ ಲೆಕ್ಕವನ್ನೂ ಜೊತೆಗೆ ಕಳಿಸಿ.

- ಸಂಪಾದಕ