ಓಡಿಸಿ ನೋಡುವವರಿಗೆ ಕಥೆ ಯಾಕೆ?

"ಎಲ್ಲರೂ ಓಡಿಸಿಯೇ (ಫಾಸ್ಟ್ ಫಾರ್ವರ್ಡ್ ಮಾಡಿ) ನೋಡ್ತಾರೆ, ನೀಲಿ ಚಿತ್ರಕ್ಕೆ ಕಥೆ ಇದ್ದು ಏನು ಲಾಭ?" ಅಂತ ಕೇಳಿದ್ದೀರಿ. ಈ ಓಡಿಸುವ ಗುಂಡಿ ನಮ್ಮ ಕೈಗೆ ಬಂದಿದ್ದೇ ವಿಸಿಆರ್ (ಮನೆಯಲ್ಲಿ ಕ್ಯಾಸೆಟ್ ಹಾಕಿ ನೋಡುವ ಯಂತ್ರ) ಜೊತೆ. ಅದಕ್ಕೂ ಮೊದಲು ಹೆಚ್ಚಿನವರು ಟಿಕೆಟ್ ಕೊಂಡು ಥಿಯೇಟರಿನಲ್ಲೇ ನೋಡಬೇಕಿತ್ತು. ಅಷ್ಟು ಹೊತ್ತು ಜನರನ್ನು ಕೂರಿಸೋಕೆ ಏನಾದರೂ ಕಥೆ ಬೇಕಲ್ವಾ?

ಜಪಾನಿನ ನಿಕ್ಕತ್ಸು ಸ್ಟುಡಿಯೋವನ್ನೇ ನೋಡಿ. ಟಿವಿ ಬಂದು ಪ್ರೇಕ್ಷಕರು ಕಡಿಮೆಯಾದಾಗ, 1971ರಲ್ಲಿ ಅದು 'ರೋಮನ್ ಪೋರ್ನೋ' ಅನ್ನೋ ಕಾಮಪ್ರಧಾನ ಚಿತ್ರಗಳ ಸರಣಿ ಶುರು ಮಾಡಿತು. ಸುಮಾರು 70 ನಿಮಿಷದ ಚಿತ್ರ, ಕಡಿಮೆ ದುಡ್ಡು, ಹತ್ತು ನಿಮಿಷಕ್ಕೊಂದು ಹಾಸಿಗೆ ದೃಶ್ಯ. ಅಷ್ಟು ಕೊಟ್ಟರೆ ಮುಗೀತು, ಉಳಿದದ್ದು ನಿರ್ದೇಶಕರ ಇಷ್ಟ. ತತ್ಸುಮಿ ಕುಮಾಶಿರೋ ಅಂಥವರು ಆ ಸ್ವಾತಂತ್ರ್ಯವನ್ನು ಚೆನ್ನಾಗಿ ಬಳಸಿಕೊಂಡರು, ವಿಮರ್ಶಕರೂ ಮೆಚ್ಚಿದರು. (ಅಲ್ಲಿದ್ದದ್ದು ಬರೀ ನಟನೆ, ನಿಜವಾದ ಕ್ರಿಯೆ ಅಲ್ಲ. ಹಾಗಾಗಿ ನೀಲಿ ಚಿತ್ರದ ಜೊತೆ ಈ ಹೋಲಿಕೆ ಪೂರ್ತಿ ಸರಿ ಅನ್ನಲಾರೆ.) ಮನೆಮನೆಗೆ ವಿಡಿಯೋ ಬಂದಮೇಲೆ ಪೆಟ್ಟು ಬಿತ್ತು, 1988ರಲ್ಲಿ ಆ ಸರಣಿ ನಿಂತೇ ಹೋಯಿತು.

ನನ್ನ ಕೇಳಿದರೆ ಲಾಭ ಇದೆ. ಪಾತ್ರಗಳು ಯಾರು ಅಂತ ಗೊತ್ತಾದರೆ ಅವರ ಆಸೆಗೂ ಅರ್ಥ ಬರುತ್ತದೆ. ಆದರೆ ಪಿಜ್ಜಾ ತಂದ ಹುಡುಗ ಬಾಗಿಲು ಬಡಿಯೋದು ಕಥೆ ಅಲ್ಲ, ಸುಮ್ನೆ ನೆಪ. ಅದನ್ನು ನಾನೂ ಓಡಿಸಿಬಿಡುತ್ತೇನೆ.