ಇಟಲಿಯ ಹಳೆಯ ಊರುಗಳನ್ನು ನೋಡಲು ಗಂಡ-ಹೆಂಡತಿ ಇಬ್ಬರೇ ಹತ್ತು ದಿನ ಹೋಗುವುದಾದರೆ ಯಾವ ಊರುಗಳನ್ನು ಆರಿಸಿಕೊಳ್ಳಬೇಕು?

ಅಕ್ಟೋಬರಿನ ಮೊದಲ ವಾರ ಹೊರಡುವವರಿದ್ದೀರಿ, ಇಬ್ಬರಿಗೂ ಐವತ್ತೈದು ದಾಟಿದೆ, ನಿಮ್ಮ ಶ್ರೀಮತಿಯವರಿಗೆ ಮೊಣಕಾಲು ನೋವು, ಆದರೂ ಹತ್ತು ದಿನಗಳಲ್ಲಿ ಮಿಲಾನ್, ವೆನಿಸ್, ಫ್ಲಾರೆನ್ಸ್, ಪೀಸಾ, ಲುಕ್ಕಾ, ಸಿಯೆನಾ, ಓರ್ವಿಯೆತೊ, ರೋಮ್ ಎಂಟನ್ನೂ ಬಾಡಿಗೆ ಕಾರಿನಲ್ಲಿ ನೋಡಬಹುದೇ ಎಂದು ಕೇಳಿದ್ದೀರಿ. ನಾನೂ ನಮ್ಮ ಯಜಮಾನರೂ ಕೆಲವು ವರ್ಷಗಳ ಹಿಂದೆ ಹೆಚ್ಚುಕಡಿಮೆ ಇದೇ ಪಟ್ಟಿ ಹಿಡಿದು ಹೊರಟವರಾದ್ದರಿಂದ ನೇರವಾಗಿಯೇ ಹೇಳುತ್ತೇನೆ: ಮಿಲಾನ್, ವೆನಿಸ್ ಎರಡನ್ನೂ ಈ ಸಲ ಕೈಬಿಡಿ, ಫ್ಲಾರೆನ್ಸಿನಲ್ಲಿ ರೈಲು ಬದಲಿಸಿದರೆ ಸಾಕು, ಕಾರನ್ನಂತೂ ಬೇಡವೇ ಬೇಡ. ರೋಮಿನಲ್ಲಿ ಎರಡು ರಾತ್ರಿ, ಓರ್ವಿಯೆತೊದಲ್ಲಿ ಎರಡು, ಸಿಯೆನಾದಲ್ಲಿ ಮೂರು, ಲುಕ್ಕಾದಲ್ಲಿ ಎರಡು ರಾತ್ರಿ ತಂಗಿ, ಪೀಸಾದಿಂದ ವಿಮಾನ ಹತ್ತಿ.

ಇಂಥ ಊರುಗಳಲ್ಲಿ ರಾತ್ರಿ ತಂಗುವುದೇ ಮುಖ್ಯ. ಪ್ರವಾಸಿ ಬಸ್ಸುಗಳು ಬೆಳಿಗ್ಗೆ ಹತ್ತು ಹನ್ನೊಂದರ ಹೊತ್ತಿಗೆ ಬಂದು ಸಂಜೆ ಐದರೊಳಗೆ ಹೊರಟುಬಿಡುತ್ತವೆ. ಅಷ್ಟರಲ್ಲಿ ನೋಡುವವರಿಗೆ ಸಿಗುವುದು ಒಬ್ಬರ ಬೆನ್ನಿನ ಹಿಂದೆ ಇನ್ನೊಬ್ಬರು ನಿಂತ ಸಾಲು ಮಾತ್ರ. ಸಿಯೆನಾದ ಪಿಯಾತ್ಸಾ ದೆಲ್ ಕಾಂಪೊ ಎಂಬ ಚೌಕ ಚಿಪ್ಪಿನಾಕಾರದಲ್ಲಿ ಒಂದು ಕಡೆಗೆ ಇಳಿಜಾರಾಗಿದೆ, ಹಿಂದೆ ಊರನ್ನಾಳಿದ ಒಂಬತ್ತು ಮಂದಿಯ ಆಡಳಿತದ ನೆನಪಿಗೆ ಇಟ್ಟಿಗೆಯ ನೆಲವನ್ನು ಒಂಬತ್ತು ಪಾಲಾಗಿ ವಿಂಗಡಿಸಿದ್ದಾರೆ. ಮಧ್ಯಾಹ್ನ ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ಏಳು ಗಂಟೆಯ ಮೇಲೆ ಹೋದಾಗ ಬಿಸಿಲಿಗೆ ಕಾದ ಇಟ್ಟಿಗೆ ಇನ್ನೂ ಬೆಚ್ಚಗಿತ್ತು, ಶಾಲೆ ಮುಗಿಸಿದ ಹುಡುಗರು ಚೆಂಡಾಡುತ್ತಿದ್ದರು, ಊರಿನ ಹೆಂಗಸರು ತರಕಾರಿ ಚೀಲವನ್ನು ಪಕ್ಕದಲ್ಲಿಟ್ಟುಕೊಂಡು ಹರಟುತ್ತಿದ್ದರು. ನಾವೂ ಆ ಇಳಿಜಾರಿನಲ್ಲಿ ಕಾಲು ಚಾಚಿ ಕತ್ತಲಾಗುವವರೆಗೆ ಕುಳಿತೆವು.

ಅದೇ ಚೌಕದ ಪಾಲಾತ್ಸೊ ಪುಬ್ಲಿಕೊ ಕಟ್ಟಡದಲ್ಲಿ ಅಂಬ್ರೋಜಿಯೊ ಲೊರೆಂತ್ಸೆತ್ತಿ 1338-39ರಲ್ಲಿ ಬರೆದ ಭಿತ್ತಿಚಿತ್ರಗಳಿವೆ. ಒಳ್ಳೆಯ ಆಳ್ವಿಕೆಯಲ್ಲಿ ಊರು ಹೇಗಿರುತ್ತದೆ, ಕೆಟ್ಟ ಆಳ್ವಿಕೆಯಲ್ಲಿ ಏನಾಗುತ್ತದೆ ಎಂಬುದೇ ವಿಷಯ. ಒಳ್ಳೆಯ ಊರಿನಲ್ಲಿ ಗಾರೆಯವರು ಮನೆ ಕಟ್ಟುತ್ತಿದ್ದಾರೆ, ಅಂಗಡಿಗಳು ತೆರೆದಿವೆ, ಬೀದಿಯಲ್ಲಿ ಕುಣಿತ ನಡೆದಿದೆ. ಚಿತ್ರ ಮುಗಿದು ಹತ್ತು ವರ್ಷವಾಗುವಷ್ಟರಲ್ಲಿ, 1348ರಲ್ಲಿ, ಪ್ಲೇಗು ಬಂದು ಊರನ್ನು ಬರಿದು ಮಾಡಿತು. ಕಥೀಡ್ರಲನ್ನು ಹಿಗ್ಗಿಸಲು ಆರಂಭಿಸಿದ್ದ ಭಾರಿ ಕೆಲಸ ನಿಂತೇಹೋಯಿತು. ಕಟ್ಟಡವಿಲ್ಲದೆ ಒಂಟಿಯಾಗಿ ನಿಂತ ಆ ಎತ್ತರದ ಗೋಡೆಯನ್ನು ಇಂದಿಗೂ ನೋಡಬಹುದು. ಮೊದಲು ಚಿತ್ರವನ್ನು, ಆಮೇಲೆ ಗೋಡೆಯನ್ನು ನೋಡಿ. ಕಥೀಡ್ರಲಿನ ಒಳಗಿನ ಅಮೃತಶಿಲೆಯ ಚಿತ್ರನೆಲವನ್ನು ವರ್ಷದ ಬಹುಪಾಲು ಮುಚ್ಚಿಟ್ಟಿರುತ್ತಾರೆ, ಸಾಮಾನ್ಯವಾಗಿ ಆಗಸ್ಟ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಪೂರ್ತಿ ತೆರೆಯುತ್ತಾರೆ. ನಿಮ್ಮ ದಿನಗಳು ಅದಕ್ಕೆ ಹೊಂದುತ್ತವೆ, ಆದರೂ ಆ ವರ್ಷದ ದಿನಾಂಕವನ್ನು ಖಚಿತಪಡಿಸಿಕೊಳ್ಳಿ. ರೈಲು ನಿಲ್ದಾಣ ಊರಿನ ಕೆಳಗಿದೆ, ಆದರೆ ಅಲ್ಲಿಂದ ಮೇಲಕ್ಕೆ ಎಸ್ಕಲೇಟರುಗಳ ಸರಣಿಯೇ ಇರುವುದರಿಂದ ಮೊಣಕಾಲಿನ ಚಿಂತೆಯಿಲ್ಲ.

ಓರ್ವಿಯೆತೊ ರೋಮ್-ಫ್ಲಾರೆನ್ಸ್ ಮಾರ್ಗದಲ್ಲಿಯೇ ಇರುವ, ಬಂಡೆಯ ನೆತ್ತಿಯ ಮೇಲಿನ ಊರು. ನಿಲ್ದಾಣದ ಎದುರಿನಿಂದಲೇ ಹಳಿಯ ಮೇಲೆ ಹಗ್ಗ ಎಳೆಯುವ ಡಬ್ಬಿಯೊಂದು ಮೇಲಕ್ಕೆ ಒಯ್ಯುತ್ತದೆ, ಇಳಿದ ಜಾಗದ ಪಕ್ಕದಲ್ಲಿಯೇ ಸಂತ ಪ್ಯಾಟ್ರಿಕನ ಬಾವಿ. 1527ರಲ್ಲಿ ರೋಮ್ ಲೂಟಿಯಾದಾಗ ಈ ಊರಿಗೆ ಓಡಿಬಂದ ಪೋಪ್ ಏಳನೆಯ ಕ್ಲೆಮೆಂಟ್, ಮುತ್ತಿಗೆಯಾದರೆ ನೀರಿಗೇನು ಗತಿ ಎಂದು ತೋಡಿಸಲು ಆರಂಭಿಸಿದ ಈ ಬಾವಿ 53 ಮೀಟರಿನಷ್ಟು ಆಳವಿದೆ. ಒಂದರ ಮೇಲೊಂದು ಸುತ್ತುವ ಎರಡು ಮೆಟ್ಟಿಲುದಾರಿಗಳು ಕೆಳಗಿನ ಸಣ್ಣ ಸೇತುವೆಯವರೆಗೆ ಎಲ್ಲಿಯೂ ಕೂಡುವುದಿಲ್ಲ. ನೀರು ಹೊರುವ ಹೇಸರಗತ್ತೆಗಳು ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಲಿ, ನಡುವೆ ಎದುರಾಗದಿರಲಿ ಎಂಬ ಉಪಾಯ. ಒಂದೊಂದರಲ್ಲಿ 248 ಮೆಟ್ಟಿಲುಗಳು, ಆದರೆ ಕತ್ತೆಗಳಿಗಾಗಿ ಮಾಡಿದ್ದರಿಂದ ಅಗಲವಾಗಿ, ಗಿಡ್ಡವಾಗಿ ಇವೆ. ನನಗೂ ಮೊಣಕಾಲಿನ ತೊಂದರೆಯಿರುವುದರಿಂದ ನಿಂತು ನಿಂತು ಇಳಿಯುತ್ತಿದ್ದೆ. ಅರ್ಧ ದಾರಿಯಲ್ಲಿ ಒಂದು ಕಿಟಕಿಯಿಂದ ಇಣುಕಿದರೆ, ಬಾವಿಯ ಆಚೆ ಬದಿಯ ಕಿಟಕಿಯಲ್ಲಿ ನಮ್ಮ ಯಜಮಾನರು ಆಗಲೇ ಮೇಲಕ್ಕೆ ಹತ್ತುತ್ತ ಕೈ ಬೀಸುತ್ತಿದ್ದರು. ಮೂವತ್ತು ವರ್ಷದ ಸಂಸಾರದಲ್ಲಿ ಅವರು ನನಗಾಗಿ ಕಾಯದಿರುವುದು ಹೊಸದೇನಲ್ಲ.

ರೋಮಿನ ವಿಷಯವನ್ನು ಎಲ್ಲರೂ ಹೇಳುತ್ತಾರೆ, ನಾನು ಒಂದನ್ನಷ್ಟೇ ಸೇರಿಸುತ್ತೇನೆ. 1623ರಲ್ಲಿ ಕೆಳದಿಯ ವೆಂಕಟಪ್ಪ ನಾಯಕನ ಇಕ್ಕೇರಿಗೆ ಬಂದು ಅಲ್ಲಿ ಕಂಡದ್ದನ್ನೆಲ್ಲ ಬರೆದಿಟ್ಟ ಪಿಯೆತ್ರೊ ದೆಲ್ಲಾ ವಾಲ್ಲೆ ರೋಮಿನವನು. ಬಾಗ್ದಾದಿನಲ್ಲಿ ಮದುವೆಯಾದ ಹೆಂಡತಿ ಮಾನಿ ಪರ್ಷಿಯಾದಲ್ಲಿ ತೀರಿಕೊಂಡಾಗ, ಕೆಡದಂತೆ ಸಂಸ್ಕರಿಸಿದ ಅವಳ ದೇಹವನ್ನು ವರ್ಷಗಟ್ಟಲೆ ಜೊತೆಗೊಯ್ದು ಕೊನೆಗೆ ರೋಮಿನ ಸಾಂತಾ ಮರಿಯಾ ಇನ್ ಅರಾಚೇಲಿ ಚರ್ಚಿನಲ್ಲಿ ಮಣ್ಣು ಮಾಡಿದನು. ಮುಂಭಾಗದಲ್ಲಿ 124 ಕಡಿದಾದ ಮೆಟ್ಟಿಲುಗಳಿವೆ. ಪಕ್ಕದ ಕಾಂಪಿದೋಲ್ಯೊ ಚೌಕದ ಕಡೆಯಿಂದ ಹೋದರೆ ಶ್ರಮ ಕಡಿಮೆ.

ಕಾರು ಬೇಡವೆಂದದ್ದಕ್ಕೆ ಕಾರಣ ನಮ್ಮದೇ ಅನುಭವ. ಹಳೆಯ ಊರುಗಳ ಒಳಭಾಗಕ್ಕೆ ಹೊರಗಿನ ವಾಹನಗಳು ಪ್ರವೇಶಿಸದಂತೆ ನಿರ್ಬಂಧವಿದ್ದು, ಬಿಳಿ ಹಲಗೆಯ ಮೇಲೆ ಕೆಂಪು ವೃತ್ತದ ಗುರುತನ್ನೂ ಅದರ ಜೊತೆಗೆ ಕ್ಯಾಮೆರಾವನ್ನೂ ಹಾಕಿರುತ್ತಾರೆ. ನಾವು ಲುಕ್ಕಾದಲ್ಲಿ ಮೊಬೈಲಿನ ನಕ್ಷೆ ತೋರಿದತ್ತ ಕಾರು ತಿರುಗಿಸಿ, ದಾರಿ ತಪ್ಪಿತೆಂದು ಸುತ್ತಿ ಮತ್ತೆ ಅದೇ ಕೋಟೆಬಾಗಿಲಿನಿಂದ ಒಳಹೊಕ್ಕೆವು. ಯಾರೂ ತಡೆಯಲಿಲ್ಲ. ಊರಿಗೆ ಮರಳಿ ತಿಂಗಳುಗಳಾದ ಮೇಲೆ ಎರಡು ಪ್ರವೇಶಕ್ಕೆ ಎರಡು ದಂಡದ ನೋಟಿಸು ಮನೆಗೇ ಬಂದವು. ನಮ್ಮ ವಿಳಾಸವನ್ನು ಪೊಲೀಸರಿಗೆ ಒದಗಿಸಿದ್ದಕ್ಕೆಂದು ಬಾಡಿಗೆಯವರು ಕಾರ್ಡಿನಿಂದ ಬೇರೆಯೇ ಹಣ ಕಡಿದುಕೊಂಡಿದ್ದರು. ರೈಲಿನಲ್ಲಿಯೂ ಒಂದು ಎಚ್ಚರ ಬೇಕು: ಪ್ರಾದೇಶಿಕ ರೈಲಿನ ಕಾಗದದ ಟಿಕೆಟನ್ನು ಹತ್ತುವ ಮುನ್ನ ನಿಲ್ದಾಣದ ಯಂತ್ರದಲ್ಲಿ ಮುದ್ರೆ ಒತ್ತಿಸದಿದ್ದರೆ ಟಿಕೆಟಿದ್ದೂ ದಂಡ ಕಟ್ಟಬೇಕಾಗುತ್ತದೆ.

ನೀವು ಸಸ್ಯಾಹಾರಿಗಳೆಂದು ಬರೆದಿದ್ದೀರಿ. ಹಸಿವಿನಿಂದ ನರಳುವ ಪ್ರಸಂಗವೇನೂ ಬರುವುದಿಲ್ಲ; ಸಿಯೆನಾದಲ್ಲಿ ಕೈಯಿಂದ ಹೊಸೆದ ದಪ್ಪ ಶಾವಿಗೆಯಂಥ ಪೀಚಿಯನ್ನು ಬೆಳ್ಳುಳ್ಳಿ-ಟೊಮ್ಯಾಟೊ ಗೊಜ್ಜಿನಲ್ಲಿ ಕಲಸಿ ಕೊಡುತ್ತಾರೆ. ತರಕಾರಿ ಸೂಪಿಗೆ ಮಾಂಸದ ಸಾರು ಸೇರಿಸಿದ್ದಾರೆಯೇ ಎಂದು ಕೇಳಿಯೇ ತಿನ್ನಿ. ಪಾರ್ಮೆಸಾನ್ ಚೀಸಿನ ಹಾಲನ್ನು ಒಡೆಸುವುದು ಕರುವಿನ ಜಠರದಿಂದ ತೆಗೆದ ರೆನೆಟ್ಟಿನಿಂದ. ಕಟ್ಟುನಿಟ್ಟಿನವರಾದರೆ ಚೀಸನ್ನು ಉದುರಿಸಬೇಡಿರೆಂದು ಮೊದಲೇ ಹೇಳಿಬಿಡಿ. ಬ್ರೆಡ್ಡು ಸಪ್ಪೆಯಾಗಿದ್ದರೆ ಅಡುಗೆಯವನು ಉಪ್ಪು ಮರೆತನೆಂದುಕೊಳ್ಳಬೇಡಿ, ಸಿಯೆನಾ, ಲುಕ್ಕಾಗಳಿರುವ ತಸ್ಕನಿ ಪ್ರಾಂತದ ರೂಢಿಯೇ ಅದು. ನಾವು ಕೊಂಡೊಯ್ದ ನಿಂಬೆ ಉಪ್ಪಿನಕಾಯಿ ಅದಕ್ಕೆ ಚೆನ್ನಾಗಿ ಒಗ್ಗಿತು.

ಲುಕ್ಕಾವನ್ನು ಕೊನೆಗಿಡಲು ಕಾರಣ, ಅಲ್ಲಿ ಹತ್ತಿ ಇಳಿಯುವ ಕೆಲಸ ಕಡಿಮೆ. ಸುಮಾರು ನಾಲ್ಕು ಕಿಲೋಮೀಟರ್ ಉದ್ದದ ಕೋಟೆಗೋಡೆಯ ನೆತ್ತಿಯೇ ಈಗ ಸಾಲುಮರಗಳ ನಡಿಗೆದಾರಿಯಾಗಿದೆ. ಒಬ್ಬರು ಸೈಕಲ್ ಬಾಡಿಗೆಗೆ ಪಡೆದು ಸುತ್ತಲಿ, ಇನ್ನೊಬ್ಬರು ಬೆಂಚಿನ ಮೇಲೆ ಕುಳಿತಿರಲಿ. ವಿಮಾನದ ದಿನ ಲುಕ್ಕಾದಿಂದ ಪೀಸಾಕ್ಕೆ ಅರ್ಧ ಗಂಟೆಯ ರೈಲು. ವಾಲುಗೋಪುರವನ್ನು ನೋಡುವುದಿದ್ದರೆ ಮುಖ್ಯ ನಿಲ್ದಾಣಕ್ಕೆ ಹೋಗದೆ ಅದಕ್ಕೂ ಮುಂಚಿನ ಪೀಸಾ ಸಾನ್ ರೊಸ್ಸೋರೆಯಲ್ಲಿ ಇಳಿಯಿರಿ, ಗೋಪುರ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ಮೇಲೆ ಹತ್ತುವುದಾದರೆ ಸಮಯ ನಿಗದಿಯಾದ ಟಿಕೆಟನ್ನು ಮೊದಲೇ ಪಡೆದುಕೊಳ್ಳಿ, ಚೀಲಗಳನ್ನು ಕೆಳಗಿನ ಲಾಕರಿನಲ್ಲಿ ಇಡಬೇಕಾಗುತ್ತದೆ.